ಅಡುಗೆಮನೆ ಪ್ರಶ್ನೋತ್ತರ: ಅಜ್ಜಿಯ ದೊಡ್ಡ ಪಾತ್ರೆ, ಇಂದಿನ ಸಣ್ಣ ಒಲೆ

ಚಿಕ್ಕಂದಿನಲ್ಲಿ ಮನೆಮಂದಿಯೆಲ್ಲ ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಂಡ ಅಡುಗೆ ಯಾವುದು, ಈಗ ಅದನ್ನು ಮಾಡಲು ಹೋದರೆ ಎಲ್ಲಿ ಎಡವಟ್ಟಾಗುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಓದುಗರನ್ನು ಕೇಳಿದ್ದೆವು. ಬಂದ ಪತ್ರಗಳಲ್ಲಿ ಬಿಸಿಬೇಳೆಬಾತಿನದೇ ದರಬಾರು. ಹಾಗಾಗಿ ಮೊದಲ ಮಣೆಯೂ ಅದಕ್ಕೇ.

ಪ್ರಶ್ನೆ: ನಮ್ಮಜ್ಜಿ ಬೆಳಿಗ್ಗೆ ಹತ್ತಕ್ಕೆ ಇಳಿಸಿದ ಬಿಸಿಬೇಳೆಬಾತ್ ಮಧ್ಯಾಹ್ನ ಒಂದಕ್ಕೂ ಎಲೆಯ ಮೇಲೆ ಮೆಲ್ಲಗೆ ಹರಿಯುತ್ತಿತ್ತು. ನಾನು ಮಾಡಿದ್ದು ಅರ್ಧ ಗಂಟೆಗೇ ಮುದ್ದೆ. ಬೇಳೆಯೂ ಕೆಲವೊಮ್ಮೆ ನುಚ್ಚುನುಚ್ಚಾಗಿ ಹಲ್ಲಿಗೆ ಸಿಗುತ್ತದೆ. ಪುಡಿ ಮಾತ್ರ ಅಜ್ಜಿಯ ಲೆಕ್ಕದ್ದೇ. (ಮೈಸೂರು)

ಉತ್ತರ: ಪುಡಿಯಲ್ಲಿ ತಪ್ಪಿಲ್ಲ. ನೀರಿನ ಲೆಕ್ಕ ಮತ್ತು ಹುಳಿ ಹಾಕುವ ಹೊತ್ತು, ಈ ಎರಡನ್ನು ನೋಡಿಕೊಳ್ಳಿ.

ಬೆಂದ ಅಕ್ಕಿ ಒಲೆಯಿಂದ ಇಳಿದ ಮೇಲೂ ನೀರು ಕುಡಿಯುತ್ತಲೇ ಇರುತ್ತದೆ. ಆರುತ್ತಾ ಹೋದಂತೆ ಗಂಜಿಯೂ ಗಟ್ಟಿಯಾಗುತ್ತದೆ. ಆದ್ದರಿಂದ ಎಲೆಯ ಮೇಲೆ ಬೇಕಾದ ಹದಕ್ಕೇ ಒಲೆ ಆರಿಸಿದರೆ ಊಟದ ಹೊತ್ತಿಗೆ ಮುದ್ದೆಯಾಗದೆ ವಿಧಿಯಿಲ್ಲ. ಇಳಿಸುವಾಗ ‘ಅಯ್ಯೋ, ಸಾರಿನ ಹಾಗಾಯಿತಲ್ಲ’ ಎನಿಸಬೇಕು. ಅದೇ ಸರಿಯಾದ ಹದ. ನಾಲ್ಕು ಜನಕ್ಕೆ ಅಕ್ಕಿ 1 ಕಪ್, ತೊಗರಿಬೇಳೆ ಮುಕ್ಕಾಲು ಕಪ್ ಎಂದಿಟ್ಟುಕೊಂಡರೆ ಹುಣಸೆಹಣ್ಣಿನ ನೀರೂ ಸೇರಿ ಒಟ್ಟು 7 ಕಪ್ ನೀರು ಬೇಕು. ಇದಲ್ಲದೆ ಪಕ್ಕದಲ್ಲಿ ಒಂದೂವರೆ ಕಪ್ ಬಿಸಿನೀರು ಕಾದಿರಲಿ. ಹಳೆ ಅಕ್ಕಿಯಾದರೆ ಅದೂ ಪೂರ್ತಿ ಖರ್ಚಾಗುತ್ತದೆ, ಹೊಸ ಅಕ್ಕಿಗೆ ಅಷ್ಟು ಬೇಡ.

ಇನ್ನು ಬೇಳೆ. ಹುಳಿ ತಾಕಿದ ಬೇಳೆ ಮುಂದಕ್ಕೆ ಬೇಯುವುದಿಲ್ಲ. ಅಕ್ಕಿ, ಬೇಳೆ, ತರಕಾರಿ, ಹುಣಸೆರಸ, ಪುಡಿ ಎಲ್ಲವನ್ನೂ ಒಟ್ಟಿಗೆ ಕುಕ್ಕರಿಗೆ ತುಂಬಿ ಕೂಗಿಸುವ ಇಂದಿನ ಅವಸರದ ಪದ್ಧತಿಯಲ್ಲಿ ಆಗುವುದೇ ಇದು. ಹೀಗೆ ಮಾಡಿ: ಬೇಳೆಗೆ ಎರಡೂವರೆ ಕಪ್ ನೀರು, ಚಿಟಿಕೆ ಅರಿಶಿನ, ಒಂದು ಟೀ ಚಮಚ ಎಣ್ಣೆ ಹಾಕಿ ನಾಲ್ಕು ಕೂಗು ಕೂಗಿಸಿ. ಅಕ್ಕಿಯನ್ನು ಬೇರೆಯಾಗಿ ಮೂರೂವರೆ ಕಪ್ ನೀರಿನಲ್ಲಿ ಮೆತ್ತಗೆ ಬೇಯಿಸಿ. ಹುರುಳಿಕಾಯಿ, ಕ್ಯಾರೆಟ್, ನವಿಲುಕೋಸು, ಹಸಿ ಬಟಾಣಿಯನ್ನು ಉಪ್ಪು ಹಾಕಿ ಮುಕ್ಕಾಲು ಬೇಯಿಸಿ. ನೆನೆಸಿದ ಕಡಲೆಕಾಯಿ ಬೀಜವನ್ನು ಬೇಳೆಯ ಜೊತೆಗೇ ಹಾಕಿಬಿಡಬಹುದು. ನಿಂಬೆಗಾತ್ರದ ಹುಣಸೆಹಣ್ಣಿನ ರಸ 1 ಕಪ್. ತರಕಾರಿಗೆ ಹುಣಸೆರಸ ಸೇರಿಸಿ ಹಸಿವಾಸನೆ ಹೋಗುವ ತನಕ ಐದು ನಿಮಿಷ ಕುದಿಸಿ. ಆಮೇಲೆ ಪುಡಿ ನಾಲ್ಕು ದೊಡ್ಡ ಚಮಚ, ಅಡಿಕೆ ಗಾತ್ರದ ಬೆಲ್ಲ, ಬೆಂದ ಬೇಳೆ, ಕೊನೆಗೆ ಅನ್ನ. ಸಣ್ಣ ಉರಿಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ, ತಳ ಕೆರೆಯುತ್ತಾ ಕುದಿಸಬೇಕು. ಈ ಕುದಿಯನ್ನು ಉಳಿಸಲು ಹೋದವರ ಬಾತಿನಲ್ಲಿ ಅನ್ನ ಬೇರೆ, ಹುಳಿ ಬೇರೆ ನಿಂತಿರುತ್ತದೆ. ಮೇಲೆ ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವು, ಗೋಡಂಬಿಯ ಒಗ್ಗರಣೆ.

ಇಷ್ಟಾದ ಮೇಲೂ ಬೇಳೆ ನುರಿಯದಿದ್ದರೆ ನೀರನ್ನು ಅನುಮಾನಿಸಿ. ಕೊಳವೆಬಾವಿಯ ಗಡಸು ನೀರಿನಲ್ಲಿ ಬೇಳೆ ಮೊಂಡು ಹಿಡಿಯುತ್ತದೆ. ಅಡುಗೆಗೆ ಸೋಸಿದ ನೀರು ಬಳಸಿ, ಇಲ್ಲವೇ ಬೇಳೆಯನ್ನು ಒಂದು ಗಂಟೆ ನೆನೆಸಿ. ಸೋಡಾ ಹಾಕಿದರೆ ಬೇಗ ಬೇಯುವುದೇನೋ ನಿಜ, ರುಚಿ ಮಾತ್ರ ಸಾಬೂನಿನ ಕಡೆ ತಿರುಗುತ್ತದೆ.

ಪುಡಿಯ ಅಳತೆ ಹಲವರು ಕೇಳಿದ್ದಾರೆ. ಬ್ಯಾಡಗಿ ಮೆಣಸಿನಕಾಯಿ 12, ಧನಿಯಾ ಎರಡು ದೊಡ್ಡ ಚಮಚ, ಕಡಲೆಬೇಳೆ ಒಂದು, ಉದ್ದಿನಬೇಳೆ ಒಂದು, ಮೆಂತ್ಯ ಕಾಲು ಟೀ ಚಮಚ, ಒಂದಂಗುಲ ಚಕ್ಕೆ, ಲವಂಗ 4, ಮರಾಠಿ ಮೊಗ್ಗು 2, ಗಸಗಸೆ ಒಂದು ಟೀ ಚಮಚ. ಒಂದೊಂದನ್ನೂ ಬೇರೆಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಿರಿ. ಮೆಂತ್ಯ ಕಪ್ಪಾದರೆ ಇಡೀ ಪುಡಿ ಕಹಿ. ಕೊಬ್ಬರಿ ಮೂರು ದೊಡ್ಡ ಚಮಚ ಬೇಕು, ಆದರೆ ಡಬ್ಬಿಯಲ್ಲಿ ಇಡುವ ಪುಡಿಗೆ ಸೇರಿಸಬೇಡಿ. ಅದರ ಎಣ್ಣೆ ಬೇಗ ಕಮಟು ಹಿಡಿಯುತ್ತದೆ. ಮಾಡುವ ದಿನ ಹುರಿದು ಪುಡಿಮಾಡಿ ಬೆರೆಸಿದರಾಯಿತು.

ಪ್ರಶ್ನೆ: ಅಮೆರಿಕದಲ್ಲಿ ವಿದ್ಯುತ್ ಪ್ರೆಶರ್ ಕುಕ್ಕರಿನಲ್ಲಿ ಇದೇ ಬಾತ್ ಮಾಡಿದರೆ ನಡುವೆ ‘ಬರ್ನ್’ ಎಂದು ತೋರಿಸಿ ನಿಂತುಬಿಡುತ್ತದೆ. (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಉತ್ತರ: ತಳದಲ್ಲಿ ಗಟ್ಟಿ ಪದಾರ್ಥ ಕೂತು, ನೀರು ಅಲ್ಲಿಗೆ ಇಳಿಯದೆ ತಳದ ಶಾಖ ಏರಿದಾಗ ಯಂತ್ರ ತಾನಾಗಿ ನಿಲ್ಲುತ್ತದೆ. ಪುಡಿ, ಬೆಲ್ಲ, ಹುಣಸೆರಸ ಮೂರನ್ನೂ ಮೊದಲು ಹಾಕಬೇಡಿ. ತೊಳೆದ ಅಕ್ಕಿ, ಬೇಳೆ, 5 ಕಪ್ ನೀರು, ಅರಿಶಿನ, ಎಣ್ಣೆ ಇಷ್ಟೇ ಹಾಕಿ ಹೆಚ್ಚಿನ ಒತ್ತಡದಲ್ಲಿ 12 ನಿಮಿಷ ಇಟ್ಟು, ಒತ್ತಡ ತಾನಾಗಿ ಇಳಿಯಲು ಹತ್ತು ನಿಮಿಷ ಬಿಡಿ. ಒಗ್ಗರಣೆಯನ್ನು ಅದೇ ಪಾತ್ರೆಯಲ್ಲಿ ಮೊದಲೇ ಮಾಡಿದ್ದರೆ ಸ್ವಲ್ಪ ನೀರು ಸುರಿದು ತಳಕ್ಕೆ ಅಂಟಿದ್ದನ್ನು ಮರದ ಸೌಟಿನಿಂದ ಕೆರೆದು ಬಿಡಿಸಿ ಮುಂದುವರಿಯಿರಿ. ತರಕಾರಿ, ಹುಣಸೆರಸ, ಪುಡಿಯನ್ನು ಪಕ್ಕದ ಒಲೆಯಲ್ಲಿ ಕುದಿಸಿ ಆಮೇಲೆ ಬೆರೆಸಿ.

ಪ್ರಶ್ನೆ: ದೊಡ್ಡಮ್ಮನ ಮನೆಯ ಕಲ್ಚಟ್ಟಿ ನನ್ನ ಪಾಲಿಗೆ ಬಂದಿದೆ, ಬಳಸದೆ ವರ್ಷಗಳಾಗಿವೆ. ಹೊಸದೊಂದನ್ನು ಜಾತ್ರೆಯಲ್ಲಿ ಕೊಂಡಿದ್ದೆ, ಮೊದಲ ದಿನವೇ ಗೆರೆ ಬಿಟ್ಟಿತು. ಪಳಗಿಸುವುದು ಹೇಗೆ? (ಶಿವಮೊಗ್ಗ)

ಉತ್ತರ: ಬಳಪದ ಕಲ್ಲು ಶಾಖವನ್ನು ನಿಧಾನ ಹೀರಿ ನಿಧಾನ ಬಿಡುತ್ತದೆ. ಅದರ ಗುಣವೂ ಅದೇ, ದೋಷವೂ ಅದೇ. ಒಂದು ಕಡೆ ಕಾದು ಇನ್ನೊಂದು ಕಡೆ ತಣ್ಣಗಿದ್ದರೆ ಬಿರುಕು ಬಿಡುತ್ತದೆ. ನಿಮ್ಮ ಹೊಸ ಚಟ್ಟಿಗೂ ಒಂದೋ ನೇರ ದೊಡ್ಡ ಉರಿ ತಾಕಿರಬೇಕು, ಇಲ್ಲವೇ ಕಾದ ಚಟ್ಟಿಗೆ ತಣ್ಣೀರು ಬಿದ್ದಿರಬೇಕು.

ಹೊಸ ಚಟ್ಟಿಯನ್ನು ತೊಳೆದು ನೆರಳಲ್ಲಿ ಒಣಗಿಸಿ, ಎಣ್ಣೆಯಲ್ಲಿ ಕಲಸಿದ ಅರಿಶಿನವನ್ನು ಒಳಗೂ ಹೊರಗೂ ಬಳಿದು ಒಂದು ದಿನ ಬಿಡಿ. ಮಾರನೆಯ ದಿನದಿಂದ ಅನ್ನ ಬಸಿದ ಬಿಸಿ ಗಂಜಿಯನ್ನು ತುಂಬಿ, ಅದು ಆರುವ ತನಕ ಇಟ್ಟು ಚೆಲ್ಲಿ. ಒಂದು ವಾರ ದಿನವೂ ಹೀಗೆ ಮಾಡಿದರೆ ಕಲ್ಲಿನ ಸಣ್ಣ ರಂಧ್ರಗಳಲ್ಲಿ ಗಂಜಿ, ಎಣ್ಣೆ ಸೇರಿಕೊಳ್ಳುತ್ತದೆ. ಆಮೇಲೆ ಅರ್ಧ ಚಟ್ಟಿ ನೀರಿಟ್ಟು ಅತಿ ಸಣ್ಣ ಉರಿಯಲ್ಲಿ ಕಾಯಿಸಿ, ಒಲೆಯ ಮೇಲೆಯೇ ತಣಿಯಲು ಬಿಡಿ. ಮೊದಲ ಅಡುಗೆ ಸಾರಿನಂಥ ತೆಳುವಾದದ್ದಿರಲಿ. ಒಗ್ಗರಣೆ ಹುರಿಯುವ ಕೆಲಸ ಆರು ತಿಂಗಳು ಬೇಡ.

ದೊಡ್ಡಮ್ಮನ ಚಟ್ಟಿ ಆಗಲೇ ಪಳಗಿದ್ದು. ಒಣಗಿ ನಿಂತಿರುವುದರಿಂದ ಎರಡು ದಿನ ಬಿಸಿ ಗಂಜಿ ತುಂಬಿಟ್ಟರೆ ಸಾಕು. ಬೆರಳಿನಿಂದ ತಟ್ಟಿ ನೋಡಿ. ಗಟ್ಟಿಯಾದ ಸದ್ದು ಬಂದರೆ ಚಟ್ಟಿ ಚೆನ್ನಾಗಿದೆ. ಒಡಕು ದನಿ ಬಂದರೆ ಎಲ್ಲೋ ಕೂದಲೆಳೆಯ ಬಿರುಕಿದೆ ಎಂದರ್ಥ, ಒಲೆಗಿಡಬೇಡಿ, ಮೊಸರು ಹೆಪ್ಪುಹಾಕಲು ಇಟ್ಟುಕೊಳ್ಳಿ. ಇಂಡಕ್ಷನ್ ಒಲೆಗೆ ಕಲ್ಚಟ್ಟಿ ಹಿಡಿಸುವುದಿಲ್ಲ, ಕಾಯುವುದೇ ಇಲ್ಲ. ತೊಳೆಯಲು ಕಡಲೆಹಿಟ್ಟು ಅಥವಾ ಸೀಗೆಪುಡಿ ಒಳ್ಳೆಯದು. ಪರಿಮಳದ ಸಾಬೂನಿನ ವಾಸನೆ ಕಲ್ಲಿಗೆ ಹಿಡಿದು ಮುಂದಿನ ಹುಳಿಯಲ್ಲಿ ಮೂಗಿಗೆ ಬರುತ್ತದೆ.

ಅಡುಗೆಯಲ್ಲಿ ಒಂದು ಬದಲಾವಣೆ ಅಗತ್ಯ. ಉರಿ ಆರಿಸಿದ ಮೇಲೂ ಕಲ್ಚಟ್ಟಿಯ ಹುಳಿ ಹತ್ತು ನಿಮಿಷ ಕುದಿಯುತ್ತಲೇ ಇರುತ್ತದೆ. ಸ್ಟೀಲ್ ಪಾತ್ರೆಯ ಲೆಕ್ಕದಲ್ಲೇ ಇಳಿಸಿದರೆ ಸೌತೆಕಾಯಿ, ಬದನೆಕಾಯಿ ಕರಗಿಹೋಗುತ್ತವೆ. ತರಕಾರಿ ಇನ್ನೂ ಒಂದು ಪಾಲು ಬೇಯಬೇಕು ಎನ್ನುವಾಗಲೇ ಒಲೆ ಆರಿಸಿ.

ಪ್ರಶ್ನೆ: ಅಜ್ಜಿಯ ಪುಸ್ತಕದಲ್ಲಿ ಎಲ್ಲವೂ ಸೇರು, ಪಾವು, ಚಟಾಕು. ಮನೆಯಲ್ಲಿ ಆಗ ಹನ್ನೆರಡು ಮಂದಿ, ಈಗ ನಾವಿಬ್ಬರೇ. ಭಾಗಿಸಿ ಮಾಡಿದರೆ ರುಚಿ ಎಲ್ಲೋ ತಪ್ಪುತ್ತದೆ. (ತುಮಕೂರು)

ಉತ್ತರ: ಸೇರಿನ ಗಾತ್ರ ಊರಿಂದ ಊರಿಗೆ ಬೇರೆಯಿತ್ತು, ಗ್ರಾಮಿಗೆ ಇಳಿಸಲು ಹೋಗಿ ತಲೆ ಕೆಡಿಸಿಕೊಳ್ಳಬೇಡಿ. ಪಾವು ಎಂದರೆ ಸೇರಿನ ಕಾಲುಭಾಗ, ಚಟಾಕು ಎಂದರೆ ಪಾವಿನ ಕಾಲುಭಾಗ. ಈ ಪ್ರಮಾಣ ಹಿಡಿದರೆ ಸಾಕು. ‘ಅಕ್ಕಿ ಒಂದು ಸೇರು, ಬೇಳೆ ಮೂರು ಪಾವು’ ಎಂದಿದ್ದರೆ ನಾಲ್ಕಕ್ಕೆ ಮೂರು. ನಿಮ್ಮ ಮನೆಯ ಯಾವ ಲೋಟದಲ್ಲಾದರೂ ಅಳೆಯಿರಿ.

ಭಾಗಿಸಿದಾಗ ಅಕ್ಕಿ, ಬೇಳೆ, ಉಪ್ಪು, ಹುಳಿ ಆರರಲ್ಲಿ ಒಂದು ಪಾಲಾಗುತ್ತವೆ. ನೀರು, ಎಣ್ಣೆ, ಒಗ್ಗರಣೆ ಹಾಗಲ್ಲ. ಆವಿಯಾಗುವ ನೀರು ಪಾತ್ರೆಯ ಬಾಯಿಯ ಅಗಲವನ್ನೂ ಕುದಿಸುವ ಹೊತ್ತನ್ನೂ ಅವಲಂಬಿಸಿದ್ದು, ಜನರ ಲೆಕ್ಕವನ್ನಲ್ಲ. ಹನ್ನೆರಡು ಮಂದಿಯ ಹಂಡೆಯಲ್ಲಿ ಹದಿನೈದು ನಿಮಿಷಕ್ಕೆ ಎರಡು ಲೋಟ ಹೋದರೆ, ಇಬ್ಬರ ಪಾತ್ರೆಯಲ್ಲೂ ಮುಕ್ಕಾಲು ಲೋಟ ಹೋಗಿಬಿಡಬಹುದು. ಕಿರಿಬಾಯಿಯ ಪಾತ್ರೆ ಹಿಡಿದು ಮುಚ್ಚಿ ಕುದಿಸಿ. ಒಗ್ಗರಣೆಗೂ ಸಾಸಿವೆ ಮುಳುಗುವಷ್ಟು ಎಣ್ಣೆ ಬೇಕೇ ಬೇಕು, ಇಲ್ಲವಾದರೆ ಸಿಡಿಯುವ ಬದಲು ಸೀಯುತ್ತದೆ. ಪುಟ್ಟ ಸೌಟೇ ಇದಕ್ಕೆ ಪರಿಹಾರ. ಇಂಗು ಮತ್ತು ಚಕ್ಕೆಯನ್ನು ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ ಹಾಕಿ ರುಚಿ ನೋಡಿ.

ಪ್ರಶ್ನೆ: ಕಾರವಾರದ ಅತ್ತೆ ತವಸಳಿಯನ್ನು (ಸೌತೆಕಾಯಿ, ರವೆ, ಬೆಲ್ಲದ ಸಿಹಿ) ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡವಿಟ್ಟು ಬೇಯಿಸುತ್ತಿದ್ದರು. ಓವನ್‌ನಲ್ಲಿ ಮಾಡಿದರೆ ರವೆ ಗಟ್ಟಿಗಟ್ಟಿಯಾಗಿ ಉಳಿಯುತ್ತದೆ. (ಬೆಳಗಾವಿ)

ಉತ್ತರ: ರವೆ ಬೇಯದೆ ಉಳಿಯುವುದು ಬೆಲ್ಲವನ್ನು ಬೇಗ ಹಾಕಿದ್ದರಿಂದ. ಬೆಲ್ಲ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ರವೆಗೆ ನೆನೆಯಲು ಸಿಗುವುದಿಲ್ಲ.

ಬಲಿತ ಸೌತೆಕಾಯಿ ತೆಗೆದುಕೊಳ್ಳಿ. ಎರಡೂ ತುದಿ ಕತ್ತರಿಸಿ ನಾಲಿಗೆಗೆ ಮುಟ್ಟಿಸಿ ನೋಡಿ, ಕಹಿಯಿದ್ದರೆ ಆ ಕಾಯಿಯನ್ನು ಬಿಟ್ಟೇಬಿಡಿ, ಬೆಲ್ಲದಿಂದ ಕಹಿ ಮುಚ್ಚುವುದಿಲ್ಲ. ಸಿಪ್ಪೆ, ಬೀಜ ತೆಗೆದು ತುರಿದು ರಸ ಸಮೇತ 2 ಕಪ್ ಅಳೆಯಿರಿ. ಒಂದು ಕಪ್ ಅಕ್ಕಿರವೆಯನ್ನು (ಇಡ್ಲಿರವೆಯೂ ಆಗುತ್ತದೆ) ಒಂದು ದೊಡ್ಡ ಚಮಚ ತುಪ್ಪದಲ್ಲಿ ಘಮ ಬರುವಷ್ಟು ಹುರಿದು, ಆರಿಸಿ, ತುರಿಗೆ ಬೆರೆಸಿ ಅರ್ಧ ಗಂಟೆ ಬಿಡಿ. ರವೆಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಪುಡಿಯಾಗಬೇಕು. ಆಮೇಲೆ ಮುಕ್ಕಾಲು ಕಪ್ ಬೆಲ್ಲದ ಪುಡಿ, ಅರ್ಧ ಕಪ್ ತೆಂಗಿನತುರಿ, ಅರ್ಧ ಟೀ ಚಮಚ ಏಲಕ್ಕಿ, ಚಿಟಿಕೆ ಉಪ್ಪು, ಗೋಡಂಬಿ. ಬೆಲ್ಲ ಕರಗಿದಾಗ ಹಿಟ್ಟು ಇಡ್ಲಿ ಹಿಟ್ಟಿಗಿಂತ ತುಸು ಸಡಿಲ ಇರಬೇಕು. ಗಟ್ಟಿಯಾದರೆ ಸೌತೆಯ ರಸವನ್ನೇ ಸೇರಿಸಿ, ಇಲ್ಲದಿದ್ದರೆ ತೆಂಗಿನ ಹಾಲು.

ತುಪ್ಪ ಸವರಿ ಬಾಳೆಲೆ ಹಾಸಿದ ಪಾತ್ರೆಯಲ್ಲಿ ಎರಡಂಗುಲಕ್ಕಿಂತ ದಪ್ಪ ಬೇಡ. ಮೊದಲೇ ಕಾಯಿಸಿದ ಓವನ್‌ನಲ್ಲಿ 180 ಡಿಗ್ರಿ ಸೆಲ್ಸಿಯಸ್, 45ರಿಂದ 50 ನಿಮಿಷ. ಮೊದಲ ಇಪ್ಪತ್ತು ನಿಮಿಷ ಮೇಲೆ ಎಲೆಯನ್ನೋ ಫಾಯಿಲನ್ನೋ ಮುಚ್ಚಿ, ಆಮೇಲೆ ತೆಗೆಯಿರಿ. ಕೆಂಡದ ಪದ್ಧತಿಯಲ್ಲಿ ಆವಿ ಒಳಗೇ ಇದ್ದು, ಮುಚ್ಚಳದ ಮೇಲಿನ ಬಿಸಿಗೆ ಕೊನೆಯಲ್ಲಿ ಮೇಲ್ಭಾಗ ಕೆಂಪಾಗುತ್ತಿತ್ತು. ಈ ಎರಡು ಹಂತ ಅದರ ಬದಲಿ. ಓವನ್ ಇಲ್ಲದವರು ದೋಸೆಕಾವಲಿಯ ಮೇಲೆ ದಪ್ಪತಳದ ಪಾತ್ರೆಯಿಟ್ಟು ಸಣ್ಣ ಉರಿಯಲ್ಲಿ ಬೇಯಿಸಿ ಮಗುಚಿ ಹಾಕಬಹುದು. ಬೆಂದಿದೆ, ಕೆಂಪೂ ಆಗಿದೆ, ಆದರೆ ಹೊಗೆಯ ಘಮ ಬರುವುದಿಲ್ಲ, ಅದಕ್ಕೆ ಉಪಾಯವಿಲ್ಲ. ಪೂರ್ತಿ ಆರಿದ ಮೇಲೇ ಕತ್ತರಿಸಿ. ಬಿಸಿಯಲ್ಲಿ ಚಾಕು ಹಾಕಿದರೆ ಅಂಟಂಟಾಗಿ, ಬೆಂದಿಲ್ಲವೇನೋ ಎಂದು ಮೋಸಹೋಗುತ್ತೀರಿ.

ಪ್ರಶ್ನೆ: ಮಗಳು ಹುಟ್ಟಿ ಬೆಳೆದದ್ದು ಇಲ್ಲೇ. ಅವಳಿಗೆ ಬಾಲ್ಯದ ಅಡುಗೆ ಎಂದರೆ ಥ್ಯಾಂಕ್ಸ್‌ಗಿವಿಂಗ್ ದಿನ ಪಕ್ಕದ ಮನೆಯವರು ಕೊಡುತ್ತಿದ್ದ ಗ್ರೀನ್ ಬೀನ್ ಕ್ಯಾಸರೋಲ್ (ಅಣಬೆ ಸೂಪಿನಲ್ಲಿ ಬೆರೆಸಿ ಓವನ್‌ನಲ್ಲಿ ಬೇಯಿಸಿದ ಬೀನ್ಸ್). ಈಗ ತಾನೇ ಮಾಡುತ್ತೇನೆ ಎನ್ನುತ್ತಾಳೆ, ಡಬ್ಬಿಯ ಸೂಪ್ ಬೇಡವಂತೆ. ನಾನು ಸಹಾಯ ಮಾಡಲು ಹೋದರೆ ನೀರುನೀರು. (ಎಡಿಸನ್, ನ್ಯೂಜೆರ್ಸಿ)

ಉತ್ತರ: ಆ ಅಡುಗೆ ಹುಟ್ಟಿದ್ದು ನಿಮ್ಮ ರಾಜ್ಯದಲ್ಲೇ. 1955ರಲ್ಲಿ ಕ್ಯಾಮ್ಡೆನ್ ಊರಿನ ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಪ್ರಯೋಗ ಅಡುಗೆಮನೆಯಲ್ಲಿ ಡೋರ್ಕಾಸ್ ರೈಲಿ ಮತ್ತವರ ತಂಡ, ಮನೆಯಲ್ಲಿ ಸಾಮಾನ್ಯವಾಗಿ ಇರುವ ಸಾಮಾನಿನಿಂದಲೇ ಆಗಬೇಕು ಎಂದು ಅದನ್ನು ರೂಪಿಸಿತು. ಅಣಬೆ ಸೂಪಿನ ಒಂದು ಡಬ್ಬಿ, ಮುಕ್ಕಾಲು ಕಪ್ ಹಾಲು, ನಾಲ್ಕು ಕಪ್ ಬೆಂದ ಬೀನ್ಸ್, ಕರಿದ ಈರುಳ್ಳಿ ಒಂದೂಕಾಲು ಕಪ್ಪಿನ ಆಸುಪಾಸು, ಅಷ್ಟೇ. ಮೂಲ ಪಾಕವಿಧಾನದ ಕಾರ್ಡು 2002ರಲ್ಲಿ ಅಮೆರಿಕದ ರಾಷ್ಟ್ರೀಯ ಆವಿಷ್ಕಾರಕರ ಗೌರವ ಸಂಗ್ರಹಾಲಯಕ್ಕೆ (ನ್ಯಾಷನಲ್ ಇನ್ವೆಂಟರ್ಸ್ ಹಾಲ್ ಆಫ್ ಫೇಮ್) ಸೇರಿತು.

ಡಬ್ಬಿಯಿಲ್ಲದೆ: ಎಳೆ ಬೀನ್ಸ್ 700 ಗ್ರಾಂ ಒಂದೂವರೆ ಅಂಗುಲಕ್ಕೆ ಕತ್ತರಿಸಿ, ಉಪ್ಪುನೀರಿನಲ್ಲಿ ಐದು ನಿಮಿಷ ಕುದಿಸಿ, ತಣ್ಣೀರಿಗೆ ಹಾಕಿ ಬಸಿದು, ಬಟ್ಟೆಯ ಮೇಲೆ ಹರಡಿ ಒರೆಸಿ. ನೀರುನೀರಾಗುವುದು ಹೆಚ್ಚಾಗಿ ಇಲ್ಲೇ. ಫ್ರೋಜನ್ ಬೀನ್ಸ್ ಆದರಂತೂ ಹಿಂಡಿದಷ್ಟೂ ನೀರು. ಇನ್ನೊಂದು ಕಾರಣ ಅಣಬೆ. ಇನ್ನೂರು ಗ್ರಾಂ ಅಣಬೆಯನ್ನು ಮೂರು ದೊಡ್ಡ ಚಮಚ ಬೆಣ್ಣೆಯಲ್ಲಿ ದೊಡ್ಡ ಉರಿಯಲ್ಲಿ ಹುರಿಯಬೇಕು, ಅದು ಬಿಟ್ಟ ನೀರೆಲ್ಲ ಇಂಗಿ ಅಂಚು ಕೆಂಪಾಗುವ ತನಕ. ಆಮೇಲೆ ಮೂರು ದೊಡ್ಡ ಚಮಚ ಮೈದಾ ಉದುರಿಸಿ ಎರಡು ನಿಮಿಷ ಬಾಡಿಸಿ. ಒಂದೂವರೆ ಕಪ್ ಹಾಲು, ಅರ್ಧ ಕಪ್ ತರಕಾರಿ ಬೇಯಿಸಿದ ನೀರನ್ನು ಸ್ವಲ್ಪಸ್ವಲ್ಪವೇ ಸುರಿದು ಗಂಟಾಗದಂತೆ ಕದಡಿ, ಸೌಟಿನ ಬೆನ್ನಿಗೆ ಅಂಟುವಷ್ಟು ಮಂದ ಮಾಡಿ. ಒಂದು ಟೀ ಚಮಚ ಸೋಯಾ ಸಾಸ್ ಮರೆಯಬೇಡಿ. ಮಗಳ ನಾಲಿಗೆಯಲ್ಲಿರುವ ಆ ‘ಡಬ್ಬಿಯ ರುಚಿ’ ಬರುವುದು ಅದರಿಂದಲೇ. ಕರಿಮೆಣಸು, ಉಪ್ಪು ಸೇರಿಸಿ ಬೀನ್ಸ್ ಜೊತೆ ಬೆರೆಸಿ, 350 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 25 ನಿಮಿಷ. ಕರಿದ ಈರುಳ್ಳಿಯ ಅರ್ಧವನ್ನು ಒಳಗೆ ಬೆರೆಸಿ, ಉಳಿದರ್ಧವನ್ನು ಕೊನೆಯ ಐದು ನಿಮಿಷಕ್ಕೆ ಮಾತ್ರ ಮೇಲೆ ಹರಡಿ. ಮೊದಲೇ ಹಾಕಿದರೆ ಕಪ್ಪಾಗುತ್ತದೆ. ನೀವು ಸಸ್ಯಾಹಾರಿಗಳಾದರೆ ಅಂಗಡಿಯ ಸೂಪ್, ಸಾಸಿನ ಚೀಟಿ ಓದಿಯೇ ಕೊಳ್ಳಿ. ಒಗ್ಗರಣೆ ಹಾಕುವ ಆಸೆಯನ್ನು ದಯವಿಟ್ಟು ತಡೆದುಕೊಳ್ಳಿ. ಮಗಳಿಗೆ ಬೇಕಿರುವುದು ಪಕ್ಕದ ಮನೆಯ ರುಚಿ.

ಪ್ರಶ್ನೆ: ಬೆಂಗಳೂರಿನ ಕ್ಲಬ್ಬುಗಳಲ್ಲಿ ಸಿಗುತ್ತಿದ್ದ ಬೇಕ್ಡ್ ವೆಜಿಟೇಬಲ್ ಮನೆಯಲ್ಲಿ ಮಾಡಿದರೆ ಮೇಲೆ ಎಣ್ಣೆ ತೇಲುತ್ತದೆ, ಕೆಂಪು ಬಣ್ಣವೂ ಬರುವುದಿಲ್ಲ. (ಬೆಂಗಳೂರು)

ಉತ್ತರ: ತರಕಾರಿಗೆ ಬೆರೆಸುವ ಬಿಳಿ ಸಾಸಿನಲ್ಲಿ ಒಂದು ಕಪ್ ಹಾಲಿಗೆ ಎರಡು ದೊಡ್ಡ ಚಮಚ ಬೆಣ್ಣೆ, ಎರಡು ದೊಡ್ಡ ಚಮಚ ಮೈದಾ. ಬೆಣ್ಣೆ ಇದಕ್ಕಿಂತ ಹೆಚ್ಚಾದರೆ ತೇಲುತ್ತದೆ. ಸಾಸ್ ಕುದಿಯುತ್ತಿರುವಾಗ ಚೀಸ್ ಹಾಕಿದರೂ ಜಿಡ್ಡು ಬಿಡುತ್ತದೆ, ಒಲೆ ಆರಿಸಿ ಬೆರೆಸಿ. ಬಣ್ಣಕ್ಕೆ ಚೀಸ್ ಒಂದನ್ನೇ ನಂಬಬೇಡಿ: ಒಣ ಬ್ರೆಡ್ ಪುಡಿಯನ್ನು ಒಂದು ಟೀ ಚಮಚ ಕರಗಿಸಿದ ಬೆಣ್ಣೆಯಲ್ಲಿ ತಿಕ್ಕಿ ಮೇಲೆ ಉದುರಿಸಿ, 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೇಲಿನ ಅಂತಸ್ತಿನಲ್ಲಿಡಿ. ಬರೀ ಮೈಕ್ರೋವೇವ್ ಕ್ರಮದಲ್ಲಿ ಕೆಂಪಾಗುವುದಿಲ್ಲ, ಕನ್ವೆಕ್ಷನ್ ಅಥವಾ ಗ್ರಿಲ್ ಬೇಕು.

ಪ್ರಶ್ನೆ: ಕುಂದಾಪುರದ ಅಜ್ಜಿಯ ಮಡಿಕೆಯ ಬಂಗುಡೆ ಸಾರು ಮಾರನೆಯ ದಿನ ಇನ್ನೂ ರುಚಿ. ನನ್ನದರಲ್ಲಿ ಮೀನು ಅಂದೇ ಪುಡಿಪುಡಿ. (ಮುಂಬೈ)

ಉತ್ತರ: ಮಸಾಲೆ ಪೂರ್ತಿ ಕುದ್ದು ಹಸಿವಾಸನೆ ಹೋದ ಮೇಲೇ ಮೀನು ಇಳಿಸಿ. ಅರ್ಧ ಕಿಲೋ ಬಂಗುಡೆಗೆ ಸಣ್ಣ ಉರಿಯಲ್ಲಿ ಎಂಟರಿಂದ ಹತ್ತು ನಿಮಿಷ ಧಾರಾಳ. ಮೀನು ಬಿದ್ದ ಮೇಲೆ ಸೌಟು ಮುಟ್ಟಲೇಬಾರದು, ಮಡಿಕೆಯ ಕಂಠ ಹಿಡಿದು ಮೆಲ್ಲಗೆ ತಿರುಗಿಸಬೇಕು. ಉಪ್ಪು, ಹುಳಿ, ಖಾರ ಮೀನಿನ ಒಳಗೆ ಇಳಿಯಲು ಹೊತ್ತು ಬೇಕು, ಮಾರನೆಯ ದಿನದ ರುಚಿಯ ಗುಟ್ಟು ಅಷ್ಟೇ. ಆದರೆ ತೆಂಗಿನಕಾಯಿಯ ಸಾರು ಮುಂಬೈ ಸೆಕೆಯಲ್ಲಿ ಹೊರಗಿಟ್ಟರೆ ಹಳಸುತ್ತದೆ. ಎರಡು ಗಂಟೆ ಕಳೆಯುವುದರೊಳಗೆ ಸ್ಟೀಲ್ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ, ಮಡಿಕೆಯನ್ನೇ ಒಳಗಿಡಬೇಡಿ. ಮಾರನೆಯ ದಿನ ಬೇಕಾದಷ್ಟನ್ನೇ ತೆಗೆದು ಒಂದು ಕುದಿ ಬರಿಸಿ.

ಪ್ರಶ್ನೆ: ಆಫೀಸಿನ ಊಟಕ್ಕೆ ಬಿಸಿಬೇಳೆಬಾತನ್ನು ಹಾಟ್‌ಬಾಕ್ಸಿನಲ್ಲಿ ಬೆಳಿಗ್ಗೆ ಏಳಕ್ಕೆ ತುಂಬುತ್ತೇನೆ. ಒಂದು ಗಂಟೆಗೆ ಉಗುರುಬೆಚ್ಚಗೆ, ಒಮ್ಮೊಮ್ಮೆ ಹುಳಿವಾಸನೆ. (ಹುಬ್ಬಳ್ಳಿ)

ಉತ್ತರ: ಉಗುರುಬೆಚ್ಚಗಿನ ಅನ್ನ ಗಂಟೆಗಟ್ಟಲೆ ಕೂರುವುದು ಅಪಾಯ. ಅನ್ನದಲ್ಲಿ ಉಳಿಯುವ ಕೆಲವು ಬ್ಯಾಕ್ಟೀರಿಯಾಗಳ ಬೀಜಕಣ ಬೇಯಿಸಿದರೂ ಸಾಯುವುದಿಲ್ಲ, 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದಾಗ ಮತ್ತೆ ಬೆಳೆಯುತ್ತವೆ. ವಾಸನೆ ಬಂದದ್ದನ್ನು ಚೆಲ್ಲಿ, ಬಿಸಿಮಾಡಿ ತಿನ್ನಬೇಡಿ. ಡಬ್ಬಿಗೆ ಮೊದಲು ಕುದಿಯುವ ನೀರು ತುಂಬಿ ಹತ್ತು ನಿಮಿಷ ಮುಚ್ಚಿಡಿ, ಚೆಲ್ಲಿ ಒರೆಸಿ, ಕುದಿಯುತ್ತಿರುವ ಬಾತನ್ನೇ ಕಂಠದ ತನಕ ತುಂಬಿ ತಕ್ಷಣ ಮುಚ್ಚಿ. ಅರ್ಧ ಖಾಲಿ ಡಬ್ಬಿ ಬೇಗ ಆರುತ್ತದೆ. ಚಪಾತಿಗೆಂದು ಮಾಡಿದ ಅಗಲಬಾಯಿಯ ಡಬ್ಬಿ ಆರು ಗಂಟೆ ತಡೆಯುವುದಿಲ್ಲ. ನಿರ್ವಾತದ ಸ್ಟೀಲ್ ಫ್ಲಾಸ್ಕ್ ಬೇಕು. ಅದೂ ಇಲ್ಲದಿದ್ದರೆ ರಾತ್ರಿಯೇ ಮಾಡಿ, ಅಗಲ ತಟ್ಟೆಯಲ್ಲಿ ಬೇಗ ಆರಿಸಿ ಫ್ರಿಜ್‌ನಲ್ಲಿಟ್ಟು, ತಣ್ಣಗಿರುವಂತೆಯೇ ಒಯ್ದು ಆಫೀಸಿನ ಫ್ರಿಜ್‌ನಲ್ಲಿಡಿ. ಊಟದ ಹೊತ್ತಿಗೆ ಕಾಲು ಲೋಟ ಬಿಸಿನೀರು ಬೆರೆಸಿ, ಹೊಗೆಯಾಡುವ ತನಕ ಮೈಕ್ರೋವೇವ್‌ನಲ್ಲಿ ಬಿಸಿಮಾಡಿಕೊಳ್ಳಿ.